ಮೀನಿನ ಬಾಯಿಂದ ನಮ್ಮ ಕೈಯವರೆಗೆ: ಬಾಸ್ ಮೀನಿಗೆ ಗಾಳ ಹೊಂದಿಸುವ ಬಗೆ

ನಮ್ಮೂರ ಕಡೆ ಕೆರೆಗೆ ಗಾಳ ಹಾಕಲು ಹೊರಟವನ ಸಾಮಾನು ಒಂದೇ ಕೈಯಲ್ಲಿ ಹಿಡಿಸುತ್ತದೆ. ಬಿದಿರಿನ ಕೋಲು, ನೈಲಾನ್ ದಾರ, ಒಂದು ಬೆಂಡು, ಒಂದು ಗಾಳ, ತೆಂಗಿನ ಚಿಪ್ಪಿನಲ್ಲಿ ತಿಪ್ಪೆಯ ಬದಿ ಅಗೆದು ತಂದ ಎರೆಹುಳು. ಇದನ್ನೇ ತಲೆಯಲ್ಲಿಟ್ಟುಕೊಂಡು ಡಲ್ಲಾಸ್ ಸುತ್ತಿನ ಯಾವುದಾದರೂ ದೊಡ್ಡ ಸ್ಪೋರ್ಟ್ಸ್ ಅಂಗಡಿಗೆ ಹೊಕ್ಕವನಿಗೆ ಗಾಬರಿಯಾಗುವುದು ಸಹಜ. ಒಂದು ಓಣಿಯುದ್ದಕ್ಕೂ ರಾಡುಗಳು, ಇನ್ನೊಂದರ ತುಂಬ ರೀಲುಗಳು, ಮತ್ತೆ ಮೂರು ಓಣಿ ಬರೀ ಲೂರ್‌ಗಳು. ಲೂರ್ ಎಂದರೆ ಹುಸಿ ಎರೆ: ಮರ, ಪ್ಲಾಸ್ಟಿಕ್, ಸೀಸ, ರಬ್ಬರಿನಲ್ಲಿ ಮಾಡಿದ ಮೀನು, ಕಪ್ಪೆ, ಹುಳು, ಸಿಗಡಿ.

ಇಲ್ಲಿ ಹೆಚ್ಚಿನವರು ಮೊದಲು ಕೈಗೆ ಹಿತವೆನಿಸಿದ ರಾಡ್ ಎತ್ತಿಕೊಳ್ಳುತ್ತಾರೆ. ಆಮೇಲೆ ಹೊಳೆಯುವ ರೀಲು, ಅಂಗಡಿಯವನು ತೋರಿಸಿದ ದಾರ, ಕೊನೆಗೆ ಬಣ್ಣ ಮೆಚ್ಚಿ ನಾಲ್ಕಾರು ಲೂರ್. ನಾನೂ ಹೀಗೇ ಕೊಂಡೆ. ಮನೆ ಹತ್ತಿರದ ಕೊಳಕ್ಕೆ ಹೋಗಿ ಬೀಸಿದರೆ ಲೂರ್ ಹತ್ತಡಿ ದೂರದಲ್ಲಿ ತಪ್ಪನೆ ಬಿತ್ತು. ದಪ್ಪ ರಾಡಿಗೆ ಬೆಂಕಿಕಡ್ಡಿಯಷ್ಟು ಹಗುರದ ಲೂರ್ ಕಟ್ಟಿದ್ದೆ. ಸಾಮಾನೆಲ್ಲ ಒಳ್ಳೆಯದೇ, ಒಂದಕ್ಕೊಂದು ಮಾತ್ರ ಸಂಬಂಧವಿರಲಿಲ್ಲ.

ಕೊಳ್ಳುವ ಕ್ರಮವನ್ನು ತಿರುಗಿಸಿದರೆ ಈ ತೊಡಕು ಬಿಡಿಸಿಕೊಳ್ಳುತ್ತದೆ. ಮೊದಲು ಮೀನು, ಆಮೇಲೆ ಅದಿರುವ ನೀರು. ನೀರು ಲೂರನ್ನು ನಿರ್ಧರಿಸುತ್ತದೆ, ಲೂರಿನ ತೂಕ ದಾರವನ್ನು, ಅವೆರಡೂ ಸೇರಿ ರಾಡನ್ನು, ರಾಡ್ ರೀಲನ್ನು. ಮೀನಿನ ಬಾಯಿಂದ ಹೊರಟು ನಮ್ಮ ಕೈಗೆ ಬರುವ ದಾರಿ ಇದು.

ಮೊದಲು ಮೀನು

ಅಮೆರಿಕದಲ್ಲಿ ಬಾಸ್ ಎಂದರೆ ಸಾಮಾನ್ಯವಾಗಿ ಲಾರ್ಜ್‌ಮೌತ್ ಬಾಸ್, ಅಂದರೆ ದೊಡ್ಡಬಾಯಿಯ ಬಾಸ್. ಹೆಸರಿಗೆ ಬಾಸ್ ಆದರೂ ಕುಲ ಬೇರೆ. ಇದು ಸನ್‌ಫಿಶ್ ಕುಟುಂಬಕ್ಕೆ ಸೇರಿದ್ದು. ಕೊಳದಂಚಿನಲ್ಲಿ ಅಂಗೈಯಗಲ ತಿರುಗಾಡುವ ಬ್ಲೂಗಿಲ್ ಮೀನು ಇದರ ದಾಯಾದಿ, ಇದರ ಊಟವೂ ಹೌದು. ಹತ್ತಿರದ ಬಂಧು ಸ್ಮಾಲ್‌ಮೌತ್ ತಣ್ಣನೆಯ, ಕಲ್ಲುತಳದ ನೀರನ್ನು ಇಷ್ಟಪಡುತ್ತದೆ. ಇಬ್ಬರನ್ನೂ ಗುರುತಿಸುವುದು ಸುಲಭ: ಬಾಯಿ ಮುಚ್ಚಿದಾಗ ಮೇಲ್ದವಡೆ ಕಣ್ಣಿನ ಹಿಂಬದಿಯನ್ನು ದಾಟಿದರೆ ಲಾರ್ಜ್‌ಮೌತ್, ದಾಟದಿದ್ದರೆ ಸ್ಮಾಲ್‌ಮೌತ್.

ಲಾರ್ಜ್‌ಮೌತ್‌ನ ವಿಶ್ವದಾಖಲೆ 1932ರ ಜೂನ್ 2ರಷ್ಟು ಹಳೆಯದು. ಜಾರ್ಜಿಯಾ ರಾಜ್ಯದ ಮಾಂಟ್ಗಮೆರಿ ಲೇಕ್‌ನಲ್ಲಿ ಜಾರ್ಜ್ ಪೆರ್ರಿ ಎಂಬ ರೈತ 22 ಪೌಂಡ್ 4 ಔನ್ಸ್, ಅಂದರೆ ಹತ್ತು ಕಿಲೋ ದಾಟಿದ ಮೀನು ಹಿಡಿದ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದದ್ದು ಅದಕ್ಕಿಂತ ಸುಮಾರು ಒಂದು ಔನ್ಸ್ ಹೆಚ್ಚು ತೂಗಿತು. ದಾಖಲೆ ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮವಿರುವುದರಿಂದ ಇಬ್ಬರೂ ಇಂದಿಗೂ ಸಮಪಾಲುದಾರರು. ಮೊದಲ ಸಲ ಹೋದವರಿಗೆ ಸಿಗುವುದು ಒಂದೆರಡು ಪೌಂಡಿನದು. ಅದೂ ಕೈ ನಡುಗಿಸುವಷ್ಟು ಜಗ್ಗುತ್ತದೆ.

ನಮಗೆ ಮುಖ್ಯವಾದದ್ದು ಅದು ತಿನ್ನುವ ರೀತಿ. ಬಾಸ್ ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದು ಕಡಿಮೆ. ಮುಳುಗಿದ ಮರ, ದೋಣಿಕಟ್ಟೆಯ ನೆರಳು, ಜೊಂಡಿನ ಅಂಚು ಇಂಥ ಮರೆಯಲ್ಲಿ ಹೊಂಚು ಹಾಕಿ ಕೂರುತ್ತದೆ. ಹತ್ತಿರ ಸುಳಿದದ್ದರ ಮುಂದೆ ಬಾಯಿಯನ್ನು ಫಕ್ಕನೆ ಅಗಲಿಸಿದರೆ ನೀರಿನ ಜತೆ ಬೇಟೆಯೂ ಒಳಗೆ ಸೆಳೆದುಕೊಂಡು ಹೋಗುತ್ತದೆ. ಒಳಗೆ ಹೋದದ್ದು ತಿನ್ನುವಂಥದ್ದಲ್ಲ ಎನಿಸಿದರೆ ಅಷ್ಟೇ ಬೇಗ ಉಗುಳುತ್ತದೆ. ಆ ಸೆಳೆತ ಮತ್ತು ಉಗುಳಿನ ನಡುವಿನ ಗಳಿಗೆಯೇ ನಮ್ಮದು.

ನೀರು ರಾಡಿಯಾದರೂ ಅದಕ್ಕೆ ಸುಳಿವು ಸಿಗುತ್ತದೆ, ಯಾಕೆಂದರೆ ಮೈಯ ಎರಡೂ ಪಕ್ಕದ ಗೆರೆಯಲ್ಲಿರುವ ಸೂಕ್ಷ್ಮ ಅಂಗಗಳು ನೀರಿನ ಅದುರನ್ನು ಹಿಡಿಯುತ್ತವೆ. ತಿಳಿನೀರಿನಲ್ಲಿ ಕಣ್ಣಿನ ಕೆಲಸ ಹೆಚ್ಚು. ಶೀತರಕ್ತದ ಪ್ರಾಣಿಯಾದ್ದರಿಂದ ನೀರು ತಣ್ಣಗಾದಷ್ಟೂ ಅದು ಮಂದವಾಗುತ್ತದೆ. ಹಾಗಾಗಿ ಕೊಳದ ದಂಡೆಯಲ್ಲಿ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರು. ಮರೆ ಎಲ್ಲಿದೆ? ನೀರು ಎಷ್ಟು ತಿಳಿಯಾಗಿದೆ? ಎಷ್ಟು ಬೆಚ್ಚಗಿದೆ?

ಮೇಲೆ, ನಡುವೆ, ತಳದಲ್ಲಿ

ಮೂರು ಓಣಿಯ ಲೂರ್‌ಗಳನ್ನು ನೀರಿನ ಆಳದ ಲೆಕ್ಕದಲ್ಲಿ ಮೂರು ಗುಂಪು ಮಾಡಿಬಿಡಬಹುದು.

ಮೊದಲನೆಯದು ನೀರಿನ ಮೇಲೆಯೇ ಓಡಾಡುವವು. ಪಾಪರ್‌ನ ಮುಖ ಬಟ್ಟಲಿನಂತೆ ಒಳಗುಳಿ. ದಾರ ಜಗ್ಗಿದಾಗೆಲ್ಲ ಗುಳಕ್ ಎಂದು ನೀರು ಚಿಮ್ಮುತ್ತದೆ. ಇನ್ನೊಂದು ಜಾತಿ ಚುರುಟಿನಂತೆ ನೀಳ. ರಾಡಿನ ತುದಿಯನ್ನು ಲಯಬದ್ಧವಾಗಿ ತಟ್ಟುತ್ತ ಬಂದರೆ ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆಯಾಡಿಸುತ್ತ ಬರುತ್ತದೆ. ಮೂರನೆಯದು ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ. ಇದರ ಎರಡು ಗಾಳಗಳೂ ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುವುದರಿಂದ ಜೊಂಡು, ತಾವರೆಯೆಲೆ, ಪಾಚಿಯ ಹಾಸಿನ ಮೇಲೂ ಸಿಕ್ಕಿಕೊಳ್ಳದೆ ಜಾರುತ್ತದೆ. ಮೀನು ಕಚ್ಚಿ ಹೊಟ್ಟೆ ಒತ್ತಿದಾಗ ಮಾತ್ರ ಗಾಳ ಹೊರಬರುತ್ತದೆ. ಕಪ್ಪೆಗೆ ಮೀನು ಎಗರಿದ ಕೂಡಲೇ ಜಗ್ಗಬಾರದು. ಕಪ್ಪೆ ಮಾಯವಾಗಿ ದಾರದಲ್ಲಿ ಭಾರ ಕಂಡ ಮೇಲೆ ಜಗ್ಗಬೇಕು. ಬೆಳಗಿನ ಜಾವ, ಮುಸ್ಸಂಜೆ, ಮೋಡ ಕವಿದ ಹೊತ್ತು ಈ ಗುಂಪಿನವು.

ಎರಡನೆಯದು ನಡುನೀರಿನವು. ಕ್ರ್ಯಾಂಕ್‌ಬೇಟ್ ಎಂಬುದು ದಪ್ಪ ಹೊಟ್ಟೆಯ ಹುಸಿ ಮೀನು, ಮುಂದೆ ಪಾರದರ್ಶಕ ತುಟಿ. ರೀಲು ಸುತ್ತಿದಾಗ ಆ ತುಟಿ ನೀರನ್ನು ಒತ್ತಿ ಲೂರನ್ನು ಕೆಳಕ್ಕೆ ಮುಳುಗಿಸುತ್ತದೆ. ತುಟಿ ಗಿಡ್ಡ ಇದ್ದರೆ ಎರಡು ಮೂರು ಅಡಿ, ಉದ್ದ ಇದ್ದರೆ ಹತ್ತು ಅಡಿಗೂ ಆಳ. ಡಬ್ಬಿಯ ಮೇಲೆ ಆಳ ಬರೆದಿರುತ್ತದೆ; ನಿಮ್ಮ ಕೊಳದ ಆಳಕ್ಕಿಂತ ತುಸು ಹೆಚ್ಚಿನದನ್ನೇ ಕೊಳ್ಳಿ. ಕಲ್ಲು, ಕೊರಡಿಗೆ ಡಿಕ್ಕಿ ಹೊಡೆದು ಪಕ್ಕಕ್ಕೆ ಚಿಮ್ಮುವಾಗಲೇ ಮೀನು ಕಚ್ಚುವುದು ಹೆಚ್ಚು. ಸ್ಪಿನ್ನರ್‌ಬೇಟ್ ನೋಡಲು ಮೀನಿನ ಹಾಗಿಲ್ಲ. ಬಾಗಿದ ತಂತಿಯ ಒಂದು ತುದಿಗೆ ತಿರುಗುವ ಲೋಹದ ಎಲೆ, ಇನ್ನೊಂದಕ್ಕೆ ರಬ್ಬರ್ ಲಂಗ ತೊಟ್ಟ ಗಾಳ. ದುಂಡನೆಯ ಎಲೆ ಹೆಚ್ಚು ಅದುರಿಸುತ್ತದೆ, ರಾಡಿ ನೀರಿಗೆ ಅದು. ನೀಳ ಎಲೆ ಹೆಚ್ಚು ಮಿನುಗುತ್ತದೆ, ತಿಳಿನೀರಿಗೆ ಅದು. ಗಾಳದ ಮುಂದೆ ತಂತಿ ಅಡ್ಡವಿರುವುದರಿಂದ ರೆಂಬೆಗಳ ನಡುವೆಯೂ ಧೈರ್ಯವಾಗಿ ಎಳೆಯಬಹುದು.

ಮೂರನೆಯದು ತಳದವು. ಹೊಸಬರ ಮೊದಲ ಮೀನು ಸಾಮಾನ್ಯವಾಗಿ ಇಲ್ಲಿಯೇ ಸಿಗುತ್ತದೆ. ಸೀಸದ ತಲೆಯ ಗಾಳಕ್ಕೆ ರಬ್ಬರಿನ ಕುಚ್ಚು ಕಟ್ಟಿದರೆ ಜಿಗ್. ತಳದಲ್ಲಿ ತಡವರಿಸುವ ಕ್ರಾಫಿಶ್, ಅಂದರೆ ಸಿಹಿನೀರಿನ ಸಿಗಡಿಯ ಸೋಗು. ಇನ್ನೊಂದು ಪ್ಲಾಸ್ಟಿಕ್ ಹುಳು. ಓಹಾಯೊ ರಾಜ್ಯದ ಆಕ್ರನ್ ಊರಿನ ನಿಕ್ ಕ್ರೀಮ್ 1949ರಲ್ಲಿ ಮೆತ್ತನೆಯ ಪ್ಲಾಸ್ಟಿಕ್‌ನಲ್ಲಿ ಹುಳು ಎರಕ ಹೊಯ್ದ ಮೇಲೆ ಬಾಸ್ ಹಿಡಿಯುವ ಬಗೆಯೇ ಬದಲಾಯಿತು. ಮೆತ್ತಗಿರುವುದರಿಂದ ಕಚ್ಚಿದ ಮೀನು ಒಂದು ಕ್ಷಣ ಹೆಚ್ಚು ಹಿಡಿದುಕೊಂಡಿರುತ್ತದೆ.

ಹುಳುವನ್ನು ಗಾಳಕ್ಕೆ ಸಿಕ್ಕಿಸುವುದರಲ್ಲಿ ಎರಡು ರೀತಿ ಕಲಿತರೆ ಸಾಕು. ಟೆಕ್ಸಸ್ ರಿಗ್‌ನಲ್ಲಿ ದಾರಕ್ಕೆ ಮೊದಲು ಗುಂಡಿನಾಕಾರದ ಚಿಕ್ಕ ತೂಕ ಪೋಣಿಸಿ ಗಾಳ ಕಟ್ಟಬೇಕು. ಗಾಳವನ್ನು ಹುಳುವಿನ ತಲೆಗೆ ಚುಚ್ಚಿ ಹೊರತೆಗೆದು, ತಿರುಗಿಸಿ, ಮೊನೆಯನ್ನು ಮತ್ತೆ ಮೈಯೊಳಗೇ ಹುದುಗಿಸಬೇಕು. ಮೊನೆ ಹೊರಗೆ ಕಾಣದ್ದರಿಂದ ಕಸಕಡ್ಡಿ ಹಿಡಿಯುವುದಿಲ್ಲ. ವ್ಯಾಕಿ ರಿಗ್ ಇನ್ನೂ ಸುಲಭ: ಸೆಂಕೊ ಎಂದು ಹೆಸರಾದ, ಪೆನ್ನಿನಂತಹ ಐದಂಗುಲದ ಕಡ್ಡಿಹುಳುವಿನ ನಟ್ಟನಡುವೆ ಗಾಳ ಚುಚ್ಚಿದರೆ ಮುಗಿಯಿತು. ಎಸೆದು ಸುಮ್ಮನಿದ್ದರೆ ಎರಡೂ ತುದಿ ನಡುಗಿಸುತ್ತ ತಾನೇ ಇಳಿಯುತ್ತದೆ. ನಾವು ಏನೂ ಮಾಡದಿರುವುದೇ ಇದರ ಗುಟ್ಟು. ಬಹಳಷ್ಟು ಸಲ ಮೀನು ಕಚ್ಚುವುದು ಇಳಿಯುವಾಗಲೇ, ಆದ್ದರಿಂದ ಕಣ್ಣು ದಾರದ ಮೇಲಿರಲಿ. ದಾರ ಪಕ್ಕಕ್ಕೆ ಸರಿದರೆ, ಅಥವಾ ತಳ ಮುಟ್ಟುವ ಮೊದಲೇ ಸಡಿಲವಾದರೆ, ಹುಳು ಬಾಯೊಳಗಿದೆ ಎಂದರ್ಥ.

ಬಣ್ಣ ಯಾರಿಗೆ?

ಅಂಗಡಿಯಲ್ಲಿ ಒಂದೇ ಹುಳು ನಲವತ್ತು ಬಣ್ಣದಲ್ಲಿ ತೂಗುತ್ತದೆ. ಬಾಸ್ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಎರಡೇ ಬಗೆ. ಒಂದು ಹಸಿರಿಗೆ, ಇನ್ನೊಂದು ಕೆಂಪಿಗೆ ಹೆಚ್ಚು ಸ್ಪಂದಿಸುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಾಸ್‌ಗಳು ಕೆಂಪು, ಹಸಿರನ್ನು ಚೆನ್ನಾಗಿ ಗುರುತಿಸಿದವು. ಗಿಳಿಹಳದಿಯನ್ನು ಬಿಳಿಯಿಂದಲೂ ನೀಲಿಯನ್ನು ಕಪ್ಪಿನಿಂದಲೂ ಬೇರ್ಪಡಿಸಲು ಒದ್ದಾಡಿದವು. ಇನ್ನು ನೀರೂ ಬಣ್ಣ ನುಂಗುತ್ತದೆ, ಮೊದಲು ಕೆಂಪನ್ನೇ. ಆಳಕ್ಕಿಳಿದ ಕೆಂಪು ಲೂರ್ ಕಂದುಗಪ್ಪಾಗಿ ಕಾಣುತ್ತದೆ.

ಹಾಗಾಗಿ ಬಣ್ಣದ ಲೆಕ್ಕ ಸಣ್ಣದು. ತಿಳಿನೀರಿಗೆ ಕೊಳದ ಜೀವಿಗಳ ಬಣ್ಣ: ಗ್ರೀನ್ ಪಂಪ್ಕಿನ್ ಎಂದು ಮಾರುವ ಪಾಚಿಹಸಿರು, ಕಂದು, ಬೆಳ್ಳಿಬಿಳಿ. ರಾಡಿ ನೀರಿಗೆ ಅಚ್ಚುಗಪ್ಪು, ಕಪ್ಪುನೀಲಿ, ಗಿಳಿಹಳದಿ. ಮೂರು ಬಣ್ಣದ ಹುಳು ಇಟ್ಟುಕೊಂಡವನು ನಲವತ್ತು ಇಟ್ಟುಕೊಂಡವನಿಗಿಂತ ಕಡಿಮೆ ಮೀನು ಹಿಡಿಯುವುದಿಲ್ಲ, ಡಬ್ಬಿ ತಡಕುವ ಹೊತ್ತು ಮಾತ್ರ ಉಳಿಸುತ್ತಾನೆ.

ತೂಕದಿಂದ ದಾರ

ಲೂರ್‌ಗಳ ತೂಕ ಔನ್ಸ್‌ನಲ್ಲಿರುತ್ತದೆ. ಒಂದು ಔನ್ಸ್ ಎಂದರೆ ಸುಮಾರು 28 ಗ್ರಾಂ. ಕಾಲು ಔನ್ಸ್ 7 ಗ್ರಾಂ, ಅರ್ಧ ಔನ್ಸ್ 14 ಗ್ರಾಂ. ದಾರದ ಬಲ ಪೌಂಡ್‌ನಲ್ಲಿ: 10 ಪೌಂಡ್ ದಾರ ಎಂದರೆ ಸುಮಾರು ನಾಲ್ಕೂವರೆ ಕಿಲೋ ಎಳೆತಕ್ಕೆ ತುಂಡಾಗುವಂಥದ್ದು. ಹಗುರ ಲೂರಿಗೆ ದಪ್ಪ ದಾರ ಕಟ್ಟಿದರೆ ದೂರ ಹೋಗದು, ಜೀವವಿದ್ದಂತೆ ಕುಣಿಯದು. ಭಾರದ ಲೂರಿಗೆ ತೆಳು ದಾರ ಕಟ್ಟಿದರೆ ಬೀಸಿದಾಗಲೇ ತುಂಡಾಗಿ ಲೂರ್ ಮಾತ್ರ ಹಾರಿಹೋಗುತ್ತದೆ.

ದಾರದಲ್ಲಿ ಮೂರು ಜಾತಿ. ನೈಲಾನ್ ಮೊನೊ ಅಗ್ಗ, ಹಿಗ್ಗುತ್ತದೆ, ನಿಧಾನಕ್ಕೆ ಮುಳುಗುತ್ತದೆ. ನೀರಿನ ಮೇಲಿನ ಪಾಪರ್‌ಗೆ ಹೇಳಿಮಾಡಿಸಿದ್ದು. ಫ್ಲೋರೊಕಾರ್ಬನ್ ಬೇಗ ಮುಳುಗುತ್ತದೆ, ಕಲ್ಲಿಗೆ ಉಜ್ಜಿದರೂ ತಾಳುತ್ತದೆ, ನೀರಿನಲ್ಲಿ ಕಾಣುವುದೂ ಕಡಿಮೆ. ಅದರ ವಕ್ರೀಭವನ ಸೂಚ್ಯಂಕ ಸುಮಾರು 1.42, ನೀರಿನದು 1.33, ನೈಲಾನಿನದು 1.5ಕ್ಕೂ ಮೇಲೆ, ನೀರಿಗೆ ಹತ್ತಿರವಿದ್ದಷ್ಟೂ ಬೆಳಕು ಕಡಿಮೆ ಬಾಗಿ ದಾರ ಮರೆಯಾಗುತ್ತದೆ. ತಳದ ಜಿಗ್, ಹುಳುವಿಗೆ ಇದು. ಮೂರನೆಯದು ಬ್ರೇಡ್, ನವಿರಾದ ಎಳೆಗಳನ್ನು ಜಡೆಯಂತೆ ಹೆಣೆದದ್ದು. ಅದೇ ದಪ್ಪದ ನೈಲಾನ್‌ಗಿಂತ ಎಷ್ಟೋ ಪಟ್ಟು ಗಟ್ಟಿ, ಹಿಗ್ಗುವುದೇ ಇಲ್ಲ, ತೇಲುತ್ತದೆ. ಜೊಂಡಿನ ನಡುವೆ ಕಪ್ಪೆ ಆಡಿಸುವವನು 50 ಪೌಂಡ್ ಬ್ರೇಡ್ ಹಾಕುವುದು ಮೀನಿನ ತೂಕಕ್ಕಲ್ಲ. ಮೀನಿನ ಜತೆ ಬರುವ ಒಂದು ಹೊರೆ ಜೊಂಡಿಗೆ.

ರಾಡಿನ ಮೇಲಿನ ಬರಹ

ರಾಡಿನ ಹಿಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಅದರ ಜಾತಕವೆಲ್ಲ ಬರೆದಿರುತ್ತದೆ: ಉದ್ದ, ಪವರ್, ಆಕ್ಷನ್, ಹೊಂದುವ ದಾರ, ಹೊಂದುವ ಲೂರಿನ ತೂಕ. ನನ್ನ ಮೊದಲ ರಾಡಿನ ಮೇಲೂ ಅರ್ಧದಿಂದ ಒಂದು ಔನ್ಸ್ ಎಂದು ಬರೆದಿತ್ತು. ಓದಿದ್ದರೆ ಅಂದು ಲೂರ್ ಹತ್ತಡಿಗೆ ಬೀಳುತ್ತಿರಲಿಲ್ಲ. ರಾಡ್ ಬಿಲ್ಲಿನಂತೆ; ಲೂರಿನ ಭಾರಕ್ಕೆ ಅದು ಬಾಗಿ ಮರಳಿದಾಗಲೇ ಎಸೆತಕ್ಕೆ ಕಸುವು.

ಪವರ್ ಎಂದರೆ ರಾಡ್ ಬಗ್ಗಿಸಲು ಬೇಕಾದ ಬಲ: ಲೈಟ್, ಮೀಡಿಯಂ, ಮೀಡಿಯಂ ಹೆವಿ, ಹೆವಿ. ಆಕ್ಷನ್ ಎಂದರೆ ಅದು ಎಲ್ಲಿ ಬಾಗುತ್ತದೆ ಎಂಬುದು. ತುದಿಯಲ್ಲಷ್ಟೇ ಬಾಗಿದರೆ ಫಾಸ್ಟ್, ನಡುವಿನವರೆಗೂ ಬಾಗಿದರೆ ಮಾಡರೇಟ್.

ಯಾವುದಕ್ಕೆ ಯಾವುದು ಎಂಬುದನ್ನು ಗಾಳ ನೋಡಿ ಹೇಳಬಹುದು. ಹುಳು, ಜಿಗ್, ಕಪ್ಪೆಯಲ್ಲಿರುವ ಗಾಳ ದಪ್ಪ. ಅದು ಮೊದಲು ಪ್ಲಾಸ್ಟಿಕ್ ಸೀಳಿ ಆಮೇಲೆ ದವಡೆಗೆ ಇಳಿಯಬೇಕು. ಅದಕ್ಕೆ ಕೂಡಲೇ ಬಲ ಮುಟ್ಟಿಸುವ ಗಡಸು ಫಾಸ್ಟ್ ರಾಡ್ ಬೇಕು. ಕ್ರ್ಯಾಂಕ್‌ಬೇಟಿನಲ್ಲಿರುವುದು ಮೂರು ಮೊನೆಯ ಸಣ್ಣ ಗಾಳ. ಅದು ಸುಲಭವಾಗಿ ಚುಚ್ಚುತ್ತದೆ, ಅಷ್ಟೇ ಸುಲಭವಾಗಿ ಹರಿದು ಕಳಚುತ್ತದೆ. ಮೀನು ನೀರಿನಿಂದ ಮೇಲೆ ಚಿಮ್ಮಿ ತಲೆ ಒದರಿದಾಗ ರಾಡ್ ತಗ್ಗಿಬಗ್ಗಿ ಸಹಿಸಿಕೊಳ್ಳಬೇಕು. ಆದ್ದರಿಂದ ಮಾಡರೇಟ್.

ಗಾಳದ ಸಂಖ್ಯೆಗಳು ಮೊದಲ ಸಲ ದಾರಿ ತಪ್ಪಿಸುತ್ತವೆ. 8, 6, 4, 2, 1 ಎಂದು ಅಂಕಿ ಇಳಿದಂತೆ ಗಾಳ ದೊಡ್ಡದಾಗುತ್ತದೆ. ಅಲ್ಲಿಂದಾಚೆ 1/0, 2/0, 3/0 ಎಂದು ಅಂಕಿ ಏರಿದಂತೆ ದೊಡ್ಡದಾಗುತ್ತದೆ. ಐದಾರು ಅಂಗುಲದ ಹುಳುವಿನ ಟೆಕ್ಸಸ್ ರಿಗ್‌ಗೆ 3/0, ವ್ಯಾಕಿಗೆ 1/0 ಸರಿಹೋಗುತ್ತದೆ.

ರೀಲು: ಎರಡು ಮನೆತನ

ಸ್ಪಿನ್ನಿಂಗ್ ರೀಲು ರಾಡಿನ ಕೆಳಗೆ ತೂಗುತ್ತದೆ. ಅದರ ಉರುಳೆ ತಿರುಗುವುದಿಲ್ಲ. ದಾರ ಸುರುಳಿ ಸುರುಳಿಯಾಗಿ ತಾನೇ ಬಿಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಹಗುರ ಲೂರ್, ತೆಳು ದಾರ, ಹೊಸ ಕೈ ಮೂರಕ್ಕೂ ಇದು ಒಗ್ಗುತ್ತದೆ.

ಬೇಟ್‌ಕಾಸ್ಟಿಂಗ್ ರೀಲು ರಾಡಿನ ಮೇಲೆ ಕೂರುತ್ತದೆ. ಇದರಲ್ಲಿ ಲೂರ್ ಹಾರುತ್ತ ಉರುಳೆಯನ್ನೇ ತಿರುಗಿಸುತ್ತದೆ. ದಪ್ಪ ದಾರಕ್ಕೂ ಗುರಿಗೂ ಇದನ್ನು ಮೀರಿಸಿದ್ದಿಲ್ಲ. ಆದರೆ ಲೂರ್ ನೀರಿಗೆ ಬಿದ್ದು ನಿಂತ ಮೇಲೂ ಉರುಳೆ ತಿರುಗುತ್ತಲೇ ಇದ್ದರೆ ಕ್ಷಣದಲ್ಲಿ ದಾರವೆಲ್ಲ ಗೋಜಲು. ಅಮೆರಿಕನ್ನರು ಇದನ್ನು ಹಕ್ಕಿಗೂಡು ಎನ್ನುತ್ತಾರೆ. ತಪ್ಪಿಸುವ ಉಪಾಯವಿದೆ. ಲೂರ್ ಕಟ್ಟಿ, ರಾಡ್ ಅಡ್ಡ ಹಿಡಿದು, ಗುಂಡಿ ಒತ್ತಿ ಬಿಡಿ. ಲೂರ್ ನಿಧಾನಕ್ಕೆ ಇಳಿದು ನೆಲ ಮುಟ್ಟಿದ ಕೂಡಲೇ ಉರುಳೆಯೂ ನಿಲ್ಲುವಂತೆ ಪಕ್ಕದ ತಿರುಪು ಬಿಗಿ ಮಾಡಿ. ಬ್ರೇಕ್ ಹೆಚ್ಚಿಟ್ಟು ಶುರುಮಾಡಿ, ಹೆಬ್ಬೆರಳು ಸದಾ ಉರುಳೆಯ ಮೇಲಿರಲಿ.

ಬೇಟ್‌ಕಾಸ್ಟಿಂಗ್ ರೀಲಿನ ಮೇಲೆ 6.4:1 ಎಂದು ಬರೆದಿದ್ದರೆ ಹಿಡಿಕೆ ಒಂದು ಸುತ್ತು ತಿರುಗಿದಾಗ ಉರುಳೆ 6.4 ಸುತ್ತು ತಿರುಗುತ್ತದೆ ಎಂದರ್ಥ. ಆಳಕ್ಕಿಳಿಯುವ ಕ್ರ್ಯಾಂಕ್‌ಬೇಟಿಗೆ 5ರ ಸುಮಾರು ನಿಧಾನದ್ದು, ಸಡಿಲ ದಾರವನ್ನು ಥಟ್ಟನೆ ಎಳೆದುಕೊಳ್ಳಬೇಕಾದ ಹುಳು, ಜಿಗ್‌ಗೆ 7ಕ್ಕೂ ಮೇಲಿನದು. ಒಂದೇ ಕೊಳ್ಳುವುದಾದರೆ ನಡುವಿನ 6.4 ಎಲ್ಲಕ್ಕೂ ಒದಗುತ್ತದೆ. ಡ್ರ್ಯಾಗ್ ಎಂಬುದು ಮೀನು ಜೋರಾಗಿ ಜಗ್ಗಿದಾಗ ದಾರ ಬಿಟ್ಟುಕೊಡುವ ವ್ಯವಸ್ಥೆ. ಮೊನೊ, ಫ್ಲೋರೊಗಳಲ್ಲಿ ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಎಳೆತಕ್ಕೆ ಅದು ಜಾರಬೇಕು. ಗಂಟಿಗೆ ಪಾಲೊಮಾರ್ ಒಂದು ಕಲಿತರೆ ಸಾಕು. ದಾರ ಮಡಚಿ ಗಾಳದ ಕಣ್ಣಿಗೆ ಪೋಣಿಸಿ, ಸಡಿಲ ಗಂಟು ಹಾಕಿ, ಉಳಿದ ಕುಣಿಕೆಯೊಳಗೆ ಗಾಳವನ್ನೇ ದಾಟಿಸಿ, ಎಂಜಲು ಹಚ್ಚಿ ಬಿಗಿಯಿರಿ. ಒಣಗಂಟು ಉಜ್ಜಿ ಬಿಸಿಯಾಗಿ ದಾರದ ಬಲ ಕುಗ್ಗುತ್ತದೆ.

ಮೊದಲ ಚೀಲದಲ್ಲಿ ಏನಿರಲಿ

ದಂಡೆಯಲ್ಲಿ ನಿಂತು ಹಿಡಿಯುವ ಹೊಸಬರಿಗೆ ಒಂದೇ ಜೋಡಿ ಸಾಕು: ಆರೂವರೆ ಅಥವಾ ಏಳಡಿಯ ಮೀಡಿಯಂ ಪವರ್, ಫಾಸ್ಟ್ ಆಕ್ಷನ್ ಸ್ಪಿನ್ನಿಂಗ್ ರಾಡ್, ಅದಕ್ಕೆ 2500 ಅಥವಾ 3000 ಅಳತೆಯ ರೀಲು, 10 ಪೌಂಡ್ ದಾರ. ಪಾಚಿಹಸಿರು, ಕಪ್ಪುನೀಲಿ ಕಡ್ಡಿಹುಳು ತಲಾ ಒಂದು ಪೊಟ್ಟಣ, 1/0 ಮತ್ತು 3/0 ಗಾಳ, ಕಾಲು ಔನ್ಸ್ ಗುಂಡುತೂಕ ನಾಲ್ಕಾರು, 3/8 ಔನ್ಸಿನ ಬಿಳಿ ಸ್ಪಿನ್ನರ್‌ಬೇಟ್ ಒಂದು, ಕಡಿಮೆ ಆಳದ ಕ್ರ್ಯಾಂಕ್‌ಬೇಟ್ ಒಂದು, ಪಾಪರ್ ಒಂದು. ಜತೆಗೆ ಚೂಪುಮೂತಿಯ ಇಕ್ಕುಳ. ಇಷ್ಟು ಕೈಗೆ ಒಗ್ಗಿದ ಮೇಲೆ, ನಿಮ್ಮ ಕೊಳದಲ್ಲಿ ಜೊಂಡು ದಟ್ಟವಾಗಿದ್ದರೆ, ಏಳಡಿಯ ಹೆವಿ ಬೇಟ್‌ಕಾಸ್ಟಿಂಗ್ ಜೋಡಿ, 50 ಪೌಂಡ್ ಬ್ರೇಡ್ ಮತ್ತು ಕಪ್ಪೆ.

ಟೆಕ್ಸಸ್‌ನ ಲೆಕ್ಕದಲ್ಲಿ ಫೆಬ್ರವರಿಯಿಂದ ಮೇವರೆಗೆ, ನೀರು 15-16 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಬಾಸ್ ಮೊಟ್ಟೆಯಿಡಲು ದಂಡೆಗೆ ಬರುತ್ತದೆ. ಗಂಡುಮೀನು ಬಾಲದಿಂದ ತಳ ಗುಡಿಸಿ ಗೂಡು ಮಾಡಿ ಕಾಯುತ್ತದೆ. ಆಗ ಹುಳು, ಸ್ಪಿನ್ನರ್‌ಬೇಟ್. ಬೇಸಗೆಯಲ್ಲಿ ನಸುಕಿನಲ್ಲಿ ಪಾಪರ್, ಬಿಸಿಲೇರಿದ ಮೇಲೆ ನೆರಳು ಅಥವಾ ಆಳದಲ್ಲಿ ಹುಳು. ಶರತ್ಕಾಲದಲ್ಲಿ ಶಾಡ್ ಎಂಬ ಬೆಳ್ಳಿಮೀನಿನ ಹಿಂಡಿನ ಬೆನ್ನುಹತ್ತಿ ಬಾಸ್ ಹೊರಟಾಗ ಬಿಳಿ ಸ್ಪಿನ್ನರ್‌ಬೇಟ್, ಕ್ರ್ಯಾಂಕ್‌ಬೇಟ್. ಚಳಿಗಾಲದಲ್ಲಿ ತಳದ ಜಿಗ್, ನೀವು ನಿಧಾನ ಎಂದುಕೊಂಡದ್ದಕ್ಕಿಂತಲೂ ನಿಧಾನವಾಗಿ.

ಹಿಡಿಯುವುದು, ಬಿಡುವುದು

ಟೆಕ್ಸಸ್‌ನ ಸಾರ್ವಜನಿಕ ನೀರಿನಲ್ಲಿ ಗಾಳ ಹಾಕಲು 17 ತುಂಬಿದವರಿಗೆ ಲೈಸೆನ್ಸ್ ಬೇಕು. ಆರು ತಿಂಗಳಿಗೆಂದು ಊರಿಂದ ಬಂದು ಮೊಮ್ಮಗನ ಜತೆ ರಾಡ್ ಹಿಡಿಯುವ ಅಜ್ಜನಿಗೂ ಅನಿವಾಸಿ ಲೈಸೆನ್ಸ್ ಮಾಡಿಸಬೇಕು. ಒಂದು ದಿನದ್ದೂ ಸಿಗುತ್ತದೆ. ಜೂನ್ ಮೊದಲ ಶನಿವಾರ ಮಾತ್ರ ಎಲ್ಲರಿಗೂ ಮುಕ್ತ. ಲಾರ್ಜ್‌ಮೌತ್‌ನ ಸಾಮಾನ್ಯ ನಿಯಮ ದಿನಕ್ಕೆ ಐದು, ಕನಿಷ್ಠ 14 ಅಂಗುಲ. ಕೆಲವು ಕೆರೆಗಳಿಗೆ ಬೇರೆ ನಿಯಮವಿರುವುದರಿಂದ ಫಲಕ ನೋಡಿಕೊಳ್ಳಿ.

ಬಾಸ್ ಹಿಡಿಯುವವರು ಬಹಳಷ್ಟು ಮಂದಿ ಮೀನನ್ನು ಮರಳಿ ಬಿಡುತ್ತಾರೆ. ರೇ ಸ್ಕಾಟ್ ಕಟ್ಟಿದ ಬಾಸ್ ಸ್ಪರ್ಧೆಗಳು 1972ರಿಂದ ಈ ಪದ್ಧತಿಗೆ ಬಲ ಕೊಟ್ಟವು. ಬಿಡುವುದಾದರೆ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣಗೈ ಮೀನಿನ ಮೈಯ ಲೋಳೆ ಕಿತ್ತುಬಿಡುತ್ತದೆ. ಹೆಬ್ಬೆರಳಿನಿಂದ ಕೆಳತುಟಿ ಹಿಡಿದು, ಇನ್ನೊಂದು ಕೈ ಹೊಟ್ಟೆಯಡಿ ಕೊಡಿ. ಅದರ ಹಲ್ಲು ಉಪ್ಪುಕಾಗದದಂತೆ, ಕಚ್ಚುವುದಿಲ್ಲ, ಬೆರಳು ತುಸು ತರಚುತ್ತದೆ ಅಷ್ಟೆ.

ರಜೆಗೆ ಊರಿಗೆ ಹೊರಟಾಗ ಆ ರಬ್ಬರ್ ಕಪ್ಪೆಯನ್ನು ಜತೆಗಿಟ್ಟುಕೊಳ್ಳುವವರಿದ್ದಾರೆ. ಹಾವಿನ ತಲೆಯ ನಮ್ಮ ಮರಲ್ ಮೀನೂ ಜೊಂಡಿನಡಿ ಹೊಂಚುಹಾಕಿ ಕಪ್ಪೆಗೆ ಎಗರುವುದೇ. ಲೂರ್ ಸಾಗರ ದಾಟಲಿ, ಮೀನು ದಾಟಬಾರದು: ಜಪಾನಿನಲ್ಲಿ ಹೊರಗಿಂದ ತಂದುಬಿಟ್ಟ ಬಾಸ್ ಸ್ಥಳೀಯ ಮೀನುಗಳನ್ನು ನುಂಗಿ, ಕಾನೂನಿನ ಆಕ್ರಮಣಕಾರಿ ಜೀವಿಗಳ ಪಟ್ಟಿ ಸೇರಿದೆ. ಇನ್ನು ಊರ ಕೆರೆಯಲ್ಲಿ ಕಪ್ಪೆ ಎಸೆಯುವ ಮುನ್ನ ಒಂದು ಮಾತು. ಮರಲ್‌ನ ದವಡೆ ಬಾಸ್‌ನದರಂತಲ್ಲ, ಎಲುಬು ಗಟ್ಟಿ, ಹಲ್ಲು ಚೂಪು. ಬೆರಳನ್ನು ಅದರ ಬಾಯಿಗೆ ಕೊಡಬೇಡಿ. ಗಾಳ ಇನ್ನಷ್ಟು ದಪ್ಪ ಬೇಕಾದೀತು, ಅದಕ್ಕೆ ತಕ್ಕ ದಾರ, ಅದಕ್ಕೆ ತಕ್ಕ ರಾಡ್. ಲೆಕ್ಕ ಮತ್ತೆ ಮೀನಿನ ಬಾಯಿಂದಲೇ ಶುರು.